ನನ್ನ ಆನರ್ಸ್ ವರ್ಷವನ್ನು ಉಳಿಸಿದ ಷರಾ ಕಾಲಂ

ಮೂರು ವರ್ಷ ಮುಗಿದ ಮೇಲೂ ಬಿಎಸ್ಸಿ ಮುಂದುವರಿಸ್ತೇನೆ ಅಂದಾಗ ಮನೆಯಲ್ಲಿ ಯಾರಿಗೂ ಅರ್ಥ ಆಗಲಿಲ್ಲ. "ಫೇಲ್ ಆದವರು ತಾನೆ ನಾಲ್ಕು ವರ್ಷ ಓದುವುದು?" ಅಂದರು ದೊಡ್ಡಮ್ಮ. ತಪ್ಪು ಅವರದ್ದಲ್ಲ. ನಮ್ಮದು 2021ರ ಬ್ಯಾಚು, ಹೊಸ ಶಿಕ್ಷಣ ನೀತಿಯ ಮೊದಲ ಬ್ಯಾಚು. ನಾಲ್ಕನೇ ವರ್ಷ ಓದಿದರೆ ಆನರ್ಸ್, ಬೇಡ ಅಂದರೆ ಮೂರಕ್ಕೇ ಡಿಗ್ರಿ ತಗೊಂಡು ಹೊರಡಬಹುದು. 2024-25ರಿಂದ ಸೇರುವವರಿಗೆ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಯನ್ನೇ ತಂದಿತು. ಹಾಗಾಗಿ ನಾವು ಅತ್ತ ಹಳಬರೂ ಅಲ್ಲ, ಇತ್ತ ಹೊಸಬರೂ ಅಲ್ಲ. ನಮ್ಮ ಉಡುಪಿಯ ಕಾಲೇಜಿನಲ್ಲಿ ಹೆಚ್ಚಿನವರು ಮೂರಕ್ಕೇ ಮುಗಿಸಿ ಎಂಎಸ್ಸಿಗೆ ಹೋದರು. ಪ್ರಾಣಿಶಾಸ್ತ್ರದಲ್ಲಿ ಉಳಿದದ್ದು ಕೈಬೆರಳಲ್ಲಿ ಎಣಿಸುವಷ್ಟು ಜನ.

ನಾನು ಉಳಿದದ್ದು ಸಂಶೋಧನೆಯ ಆಸೆಗೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಚೌಕಟ್ಟಿನಲ್ಲಿ ನಾಲ್ಕನೇ ವರ್ಷಕ್ಕೆ ಎರಡು ದಾರಿ ಉಂಟು. ಬರೀ ಆನರ್ಸ್ ಆದರೆ ಪೂರ್ತಿ ತರಗತಿ ಪಾಠ. ಸಂಶೋಧನೆ ಸಹಿತ ಆನರ್ಸ್ ಬೇಕಾದರೆ ಮೊದಲ ಆರು ಸೆಮಿಸ್ಟರ್‌ನಲ್ಲಿ 75 ಶೇಕಡಾ ಇರಬೇಕು. ಒಟ್ಟು 160 ಕ್ರೆಡಿಟ್‌ನಲ್ಲಿ 12 ಕ್ರೆಡಿಟ್ ಪ್ರಬಂಧಕ್ಕೇ ಮೀಸಲು. ಹನ್ನೆರಡು ಅಂದರೆ ಎಷ್ಟು ಕೆಲಸ ಅಂತ ಆಗ ನನಗೆ ಗೊತ್ತಿರಲಿಲ್ಲ.

ಮೊದಲು ನಾನು ಬರೆದುಕೊಂಡು ಹೋದ ವಿಷಯ "ಸುವರ್ಣಾ ನದಿಯ ಪರಿಸರ ಆರೋಗ್ಯ". ಗೈಡ್ ಮೇಡಂ ಕನ್ನಡಕ ಕೆಳಗಿಳಿಸಿ, "ನದಿಗೆ ಜ್ವರ ಬಂದಿದೆಯಾ?" ಅಂತ ಕೇಳಿದರು. ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ: ನೀರಿನ ಉಪ್ಪು ಹೆಚ್ಚು ಕಡಿಮೆ ಆದಂತೆ ಮರುವಾಯಿ, ಅಂದರೆ ಕೆಸರಲ್ಲಿ ಹುದುಗಿರುವ, ತಿನ್ನುವ ಚಿಪ್ಪುಜೀವಿ, ಎಲ್ಲಿ ಎಷ್ಟು ಸಿಗುತ್ತದೆ? ಜಾಗ ಮೂರು. ಹೈವೇ ಸೇತುವೆ ಇರುವ ಕಲ್ಯಾಣಪುರ, ತಿಮ್ಮಣ್ಣ ಕುದ್ರು ಅನ್ನುವ ನದಿ ನಡುಗಡ್ಡೆಯ ತೂಗುಸೇತುವೆ ಇರುವ ಕೆಮ್ಮಣ್ಣು, ಮತ್ತೆ ಸುವರ್ಣಾ, ಸೀತಾ ಎರಡೂ ಒಟ್ಟಾಗಿ ಸಮುದ್ರ ಸೇರುವ ಕೋಡಿಬೆಂಗ್ರೆ. ಮೂರಕ್ಕೂ ಬಸ್ಸಿದೆ. ಬಸ್ಸಿಲ್ಲದ ಜಾಗದಲ್ಲಿ ಪ್ರಾಜೆಕ್ಟ್ ಇಟ್ಟುಕೊಳ್ಳಬೇಡಿ ಮಾರಾಯ್ರೆ, ಎರಡನೇ ತಿಂಗಳಿಗೆ ಸಾಕಾಗಿ ಹೋಗುತ್ತದೆ.

ಸಾಮಾನು ಅಂತ ಹೆಚ್ಚೇನೂ ಇರಲಿಲ್ಲ. ಹಗ್ಗ ಕಟ್ಟಿದ ಬಕೆಟ್ಟು, ನೋಟ್‌ಬುಕ್ಕು, ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್. ರಿಫ್ರ್ಯಾಕ್ಟೋಮೀಟರ್ ನೋಡಲು ಪುಟ್ಟ ದುರ್ಬೀನಿನ ಹಾಗಿರುತ್ತದೆ. ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು, ಮುಚ್ಚಳ ಮುಚ್ಚಿ, ಬೆಳಕಿಗೆ ಹಿಡಿದರೆ ಒಳಗೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆ ಎಲ್ಲಿ ನಿಲ್ಲುತ್ತದೋ ಅದೇ ಲೀಟರಿಗೆ ಎಷ್ಟು ಗ್ರಾಂ ಉಪ್ಪು ಅನ್ನುವ ಲೆಕ್ಕ, ಹೆಚ್ಚುಕಡಿಮೆ. ಸಮುದ್ರದ ನೀರಿಗೆ ಸುಮಾರು 35, ಬಾವಿ ನೀರಿಗೆ ಸೊನ್ನೆ.

ಅಕ್ಟೋಬರ್‌ನಲ್ಲಿ ಶುರು ಮಾಡಿದೆ. ಪ್ರತಿ ಶನಿವಾರ ಬೆಳಗ್ಗೆ ಸರಿಯಾಗಿ ಒಂಬತ್ತಕ್ಕೆ ಕೆಮ್ಮಣ್ಣಿನಲ್ಲಿ. ಸಮಯ ಒಂದು ನಿಮಿಷವೂ ತಪ್ಪಬಾರದು ಅಂತ ನನ್ನದೇ ಶಿಸ್ತು. ಮೊದಲ ವಾರ 6 ಬಂತು. ಎರಡನೇ ವಾರ 18. ಮೂರನೇ ವಾರ 5. ನಾಲ್ಕನೇ ವಾರ 19. ಮಳೆ ಕಾರಣ ಇರಬಹುದಾ ಅಂತ ನೋಡಿದರೆ ಮಳೆ ಬಂದ ವಾರಕ್ಕೂ ಇದಕ್ಕೂ ತಾಳೆಯೇ ಆಗಲಿಲ್ಲ. ಯಂತ್ರ ಹಾಳಾಗಿದೆ ಅಂದುಕೊಂಡೆ. ಡಿಸ್ಟಿಲ್ಡ್ ವಾಟರ್ ಹಾಕಿ ನೋಡಿದೆ, ಗೆರೆ ಸರಿಯಾಗಿ ಸೊನ್ನೆಯಲ್ಲೇ ನಿಂತಿತು. ಬಕೆಟ್ಟು ಬದಲಾಯಿಸಿದೆ. ಎಂಟು ವಾರ ಹೀಗೇ ಹೋಯಿತು. ಗ್ರಾಫ್ ಹಾಕಿದರೆ ಗರಗಸದ ಹಲ್ಲು.

ಮೇಡಂ ಗ್ರಾಫ್ ನೋಡಲಿಲ್ಲ, ನೋಟ್‌ಬುಕ್ ಕೇಳಿದರು. ಕೊನೆಯ ಕಾಲಂ ಷರಾ. ಅದರಲ್ಲಿ ನಾನು ಸುಮ್ನೆ ಬಾಯಿಗೆ ಬಂದದ್ದು ಬರೆದಿದ್ದೆ. "ಮೋಡ". "ಬಸ್ ಲೇಟ್". "ಮರುವಾಯಿ ಹೆಕ್ಕುವವರು ಇದ್ದಾರೆ". ಮುಂದಿನ ವಾರ "ಯಾರೂ ಇಲ್ಲ". ಅದರ ಮುಂದಿನ ವಾರ "ಅಕ್ಕಂದಿರು ನಾಲ್ಕು ಜನ, ಸೊಂಟದವರೆಗೆ ನೀರು". ಮೇಡಂ ಬೆರಳು ಆ ಸಾಲುಗಳ ಮೇಲೆ ಕೆಳಗಿಳಿಯುತ್ತಾ ಹೋಯಿತು. ಜನ ಇದ್ದ ದಿನವೆಲ್ಲ ಉಪ್ಪು ಕಡಿಮೆ. ಯಾರೂ ಇಲ್ಲದ ದಿನವೆಲ್ಲ ಜಾಸ್ತಿ. "ಅವರು ಯಾಕೆ ಒಂದು ವಾರ ಬಿಟ್ಟು ಒಂದು ವಾರ ಬರ್ತಾರೆ, ಕೇಳಿದ್ದೀಯಾ?" ಅಂದರು.

ಕೇಳಿರಲಿಲ್ಲ. ನನ್ನ ಊರು ಕಾರ್ಕಳದ ಕಡೆ. ಇದೇ ಸುವರ್ಣಾ ನಮ್ಮ ಕಡೆಯಿಂದಲೇ ಇಳಿದು ಬರುವುದು, ಆದರೆ ನಮಗೆ ಹೊಳೆ ಅಂದರೆ ಒಂದೇ ದಿಕ್ಕಿಗೆ ಹರಿಯುವಂಥದ್ದು. ಮುಂದಿನ ಶನಿವಾರ ಒಬ್ಬರು ಅಕ್ಕನ ಹತ್ತಿರ ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಲ್ಲ ಮಗಾ, ನೀರು ಏರಿದಾಗ ಬಂದು ಎಂತ ಮಾಡುದು? ಕಾಲಿಗೆ ನೆಲ ಸಿಗುದು ಬೇಡವಾ?" ಅಂದರು.

ಭರತ, ಇಳಿತ! ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವ ನೀರು ದಿನಾ ಸುಮಾರು 50 ನಿಮಿಷ ತಡ ಮಾಡುತ್ತದೆ, ಚಂದ್ರನ ಲೆಕ್ಕದಲ್ಲಿ. ಏಳು ದಿನಕ್ಕೆ ಅದು ಹತ್ತಿರ ಹತ್ತಿರ ಆರು ಗಂಟೆ. ಭರತಕ್ಕೂ ಇಳಿತಕ್ಕೂ ನಡುವೆ ಇರುವುದೂ ಆರು ಗಂಟೆ ಚಿಲ್ಲರೆಯೇ. ಅಂದರೆ ಗಡಿಯಾರ ನೋಡಿಕೊಂಡು ವಾರಕ್ಕೊಮ್ಮೆ ಹೋದ ನಾನು ಒಂದು ವಾರ ನದಿಯನ್ನೂ ಮುಂದಿನ ವಾರ ಸಮುದ್ರವನ್ನೂ ಅಳೆದಿದ್ದೆ. ದ್ವಿತೀಯ ವರ್ಷದಲ್ಲಿ ಇದೇ ಅಧ್ಯಾಯಕ್ಕೆ ನನಗೆ ಒಳ್ಳೆ ಅಂಕ ಬಂದಿತ್ತು, ಅದು ಬೇರೆ ವಿಷಯ.

ಡಿಸೆಂಬರ್‌ನಿಂದ ಗಡಿಯಾರ ಬಿಟ್ಟು ಭರತದ ವೇಳಾಪಟ್ಟಿ ಹಿಡಿದೆ. ಪ್ರತಿ ಸಲವೂ ಇಳಿತದ ಹೊತ್ತಿಗೇ ಹೋಗುವುದು. ಕೆಲವೊಮ್ಮೆ ಬೆಳಗ್ಗಿನ ಮೊದಲ ಬಸ್ಸು, ಕೆಲವೊಮ್ಮೆ ಮಟಮಟ ಮಧ್ಯಾಹ್ನ. ಪಿವಿಸಿ ಪೈಪಿನಲ್ಲಿ ಅರ್ಧ ಮೀಟರ್ ಉದ್ದ ಅಗಲದ ಚೌಕಟ್ಟು ಮಾಡಿ, ಕೆಸರಿನ ಮೇಲೆ ಇಟ್ಟು, ಒಳಗಿನದ್ದನ್ನು ಕೈಯಲ್ಲೇ ತೋಡಿ, ಜರಡಿಯಲ್ಲಿ ತೊಳೆದು ಎಣಿಸುವುದು. ನಾಲ್ಕರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ಅಂತ ಸಿಗುತ್ತದೆ. ಕೋಡಿಬೆಂಗ್ರೆ ಕಡೆ ಪಾಫಿಯಾ ಅನ್ನುವ ಜಾತಿಯ ಮರುವಾಯಿ ಜಾಸ್ತಿ, ಮೇಲೆ ಸಿಹಿನೀರಿನ ಕಡೆ ಹೋದಂತೆ ಕಪ್ಪು ಚಿಪ್ಪಿನ ವಿಲ್ಲೋರಿಟಾ ಜಾತಿಯದ್ದು. ಹೊಸ ಸಂಶೋಧನೆ ಏನೂ ಅಲ್ಲ. ಆದರೆ ಪ್ರತಿ ಅಂಕಿಯೂ ನನ್ನ ಉಗುರಿನ ಕೆಸರಿನಿಂದ ಬಂದದ್ದು.

ಆ ಎಂಟು ವಾರದ ಅಂಕಿಗಳನ್ನು ಬಿಸಾಡಬೇಕು ಅಂತಿದ್ದೆ. ಮೇಡಂ ಬಿಡಲಿಲ್ಲ. ಭರತದ ದಿನ, ಇಳಿತದ ದಿನ ಅಂತ ಬೇರೆ ಮಾಡಿ ಒಂದು ಪುಟ ಹಾಕಿಸಿದರು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಜಾಸ್ತಿ ಹೊತ್ತು ನಿಂತದ್ದು ಆ ಪುಟದಲ್ಲೇ.

ಇನ್ನು ಈ ವರ್ಷದಿಂದ ಲಾಭ ಏನು ಅಂತ ಕೇಳುವವರಿಗೆ. ನಾಲ್ಕು ವರ್ಷದ ಡಿಗ್ರಿಯಲ್ಲಿ 75 ಶೇಕಡಾ ಇದ್ದರೆ ನೆಟ್ ಅರ್ಹತಾ ಪರೀಕ್ಷೆ ಬರೆದು ನೇರ ಪಿಎಚ್‌ಡಿಗೆ ಪ್ರಯತ್ನಿಸಬಹುದು. ಎಂಎಸ್ಸಿ ಒಂದೇ ವರ್ಷದಲ್ಲಿ ಮುಗಿಸಲು ಅವಕಾಶ ಇದೆ, ಆದರೆ ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ಶುರು ಮಾಡಿಲ್ಲ, ಸೇರುವ ಮೊದಲೇ ವಿಚಾರಿಸಿಕೊಳ್ಳಿ. ಮೂರು ವರ್ಷದ ಡಿಗ್ರಿಯಲ್ಲಿರುವ ತಮ್ಮ ತಂಗಿಯರು ವಿಜ್ಞಾನ ಅಕಾಡೆಮಿಗಳ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ. ಆಯ್ಕೆಯಾದರೆ ಖರ್ಚನ್ನೂ ಅವರೇ ಕೊಡುತ್ತಾರೆ.

ಫಲಿತಾಂಶ ಬಂದ ಮೇಲೆ ಕೆಮ್ಮಣ್ಣಿಗೆ ಹೋಗಿ ಆ ಅಕ್ಕನಿಗೆ ಪ್ರಬಂಧ ತೋರಿಸಿದೆ. ಗ್ರಾಫ್‌ಗಳನ್ನು ತಿರುವಿ ಹಾಕಿ, ತಮ್ಮ ಬೆನ್ನು ಕಾಣುವ ಫೋಟೋ ಬಂದಾಗ ನಿಂತರು. "ಮುಖ ಬರುವ ಹಾಗೆ ತೆಗಿಲಿಕ್ಕೆ ಆಗ್ಲಿಲ್ವಾ ನಿಂಗೆ?" ಅಂದರು.