ಬಸುರಿಯರ ಮನೆಮದ್ದು: ಒಗ್ಗರಣೆಗಾದರೆ ಸರಿ, ಕಷಾಯಕ್ಕಾದರೆ?

ಸಾರಿಗೆ ಬೀಳುವ ಶುಂಠಿ, ಜೀರಿಗೆ, ಇಂಗು, ಮೆಂತ್ಯಕ್ಕೆ ಬಸುರಿ ಹೆದರಬೇಕಿಲ್ಲ. ಅದೇ ಮೆಂತ್ಯವನ್ನು ಪುಡಿ ಮಾಡಿ ದಿನಾ ಚಮಚಗಟ್ಟಲೆ ನುಂಗಿದರೆ ಅದು ಅಡುಗೆಯಲ್ಲ, ಔಷಧ. ರಕ್ತದ ಸಕ್ಕರೆ ಇಳಿಸುತ್ತದೆ. ಇನ್ಸುಲಿನ್ ಚುಚ್ಚಿಸಿಕೊಳ್ಳುವವರಿಗೆ ಇದು ಅಪಾಯ.

ವಾಂತಿ, ಓಕರಿಕೆಗೆ ಶುಂಠಿ ನಿಜಕ್ಕೂ ಕೆಲಸ ಮಾಡುತ್ತದೆ. ಒಣಶುಂಠಿ ಪುಡಿ ದಿನಕ್ಕೆ 1 ಗ್ರಾಂ, ಅಂದರೆ ಸುಮಾರು ಅರ್ಧ ಟೀ ಚಮಚ ಸಾಕು. ಅದನ್ನೂ ನಾಲ್ಕು ಸಲಕ್ಕೆ ಹಂಚಿಕೊಳ್ಳಿ, ಒಟ್ಟಿಗೆ ತಿಂದರೆ ಎದೆಯುರಿ. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಆಸ್ಪಿರಿನ್ ನಡೆಯುತ್ತಿದ್ದರೆ ಮೊದಲು ವೈದ್ಯರನ್ನು ಕೇಳಿ. ಕುಡಿದ ನೀರೂ ನಿಲ್ಲದೆ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಶುಂಠಿ ಹುಡುಕುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಹೆಚ್ಚು ಎಡವುವುದು ಕೆಮ್ಮಿನ ಮದ್ದಿನಲ್ಲಿ. ಹಿತ್ತಲ ಆಡುಸೋಗೆಯ ಎಲೆಯಲ್ಲಿರುವ ವಾಸಿಸಿನ್ ಗರ್ಭಕೋಶವನ್ನು ಸಂಕುಚಿಸಬಲ್ಲದು. ಎಲೆ ಕುದಿಸಿದ ಕಷಾಯ ಬೇಡ, ಬಾಟಲಿಯಲ್ಲಿ ಬರುವ ಸಿರಪ್ಪೂ ಬೇಡ. ಚೀಟಿಯಲ್ಲಿ 'ಆಡುಸೋಗೆ' ಎಂದು ಬರೆದಿರುವುದಿಲ್ಲ. 'ವಾಸಾ', 'ವಾಸಕ', 'ಅಧಟೋಡ' ಎಂದಿರುತ್ತದೆ. ಜೊತೆಗೇ 'ಯಷ್ಟಿಮಧು' ಅಥವಾ 'ಮುಲೇಠಿ' ಕಂಡರೆ ಅದು ಅತಿಮಧುರ. ಇದರ ಗ್ಲೈಸಿರೈಜಿನ್ ದೇಹದಲ್ಲಿ ಉಪ್ಪು, ನೀರು ಹಿಡಿದಿಟ್ಟು ಪೊಟ್ಯಾಸಿಯಂ ಇಳಿಸಿ ಬಿಪಿ ಏರಿಸುತ್ತದೆ. ಅತಿಮಧುರದ ಮಿಠಾಯಿಯನ್ನು ಇಷ್ಟಪಟ್ಟು ತಿನ್ನುವ ಫಿನ್‌ಲೆಂಡಿನಲ್ಲೇ ಬಸುರಿಯರು ಅದನ್ನು ಹೆಚ್ಚು ತಿನ್ನಬಾರದೆಂಬ ಸಲಹೆಯಿದೆ. ಕೆಮ್ಮಿಗೆ ಉಪ್ಪುನೀರು ಮುಕ್ಕಳಿಸಿ, ಬಿಸಿನೀರಿಗೆ ಒಂದು ಚಮಚ ಜೇನು ಬೆರೆಸಿ ಕುಡಿಯಿರಿ. ಎರಡು ವಾರವಾದರೂ ಕೆಮ್ಮು ಬಿಡದಿದ್ದರೆ ಕಫ ಪರೀಕ್ಷೆ ಆಗಲೇಬೇಕು.

ಮಲಬದ್ಧತೆಗೆ ಹರಳೆಣ್ಣೆ ಕೊಡುವ ರೂಢಿ ಬಿಡಿ. ಅದು ಕರುಳನ್ನಷ್ಟೇ ಅಲ್ಲ, ಗರ್ಭಕೋಶವನ್ನೂ ಕೆರಳಿಸಬಹುದು. ಭೇದಿಯಾಗಿ ನೀರಿನಂಶ ಕಡಿಮೆಯಾಗುತ್ತದೆ. ಲೋಳೆಸರದ ಸಿಪ್ಪೆಯಡಿಯ ಹಳದಿ ರಸವೂ ಬೇಡ. ಬದಲಿಗೆ ಇಸಬ್‌ಗೋಲ್ ಒಂದೆರಡು ಟೀ ಚಮಚವನ್ನು ದೊಡ್ಡ ಲೋಟದ ನೀರಲ್ಲಿ ಕಲಸಿ, ಗಟ್ಟಿಯಾಗುವ ಮೊದಲೇ ಕುಡಿಯಿರಿ. ನೀರು ಕಡಿಮೆಯಾದರೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಅಶ್ವಗಂಧ, ಮುಟ್ಟು ಸರಿಪಡಿಸುವ ಮದ್ದುಗಳು ಬಸಿರು ತಿಳಿದ ದಿನವೇ ನಿಲ್ಲಲಿ. ಅರಿಷ್ಟ, ಆಸವಗಳಲ್ಲಿ ಹುದುಗುವಾಗಲೇ ಹುಟ್ಟಿದ ಮದ್ಯಸಾರವಿರುತ್ತದೆ, ಸಾಮಾನ್ಯವಾಗಿ ಶೇ. 5ರಿಂದ 10. ಇನ್ನು ಲೋಹ, ಖನಿಜ ಸೇರಿಸಿ ಮಾಡುವ ಭಸ್ಮ, ರಸೌಷಧಿ: ಭಾರತದಲ್ಲಿ ತಯಾರಾದ ಇಂಥ ಮಾತ್ರೆ ನುಂಗಿದ ಆರು ಬಸುರಿಯರಿಗೆ ಸೀಸದ ವಿಷವೇರಿದ್ದನ್ನು ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ ಪತ್ತೆಹಚ್ಚಿತ್ತು, ಅದರ ವರದಿ 2012ರಲ್ಲಿ ಬಂತು. ಕೆಲವರು ಗಂಡು ಮಗುವಿನ ಆಸೆಗೇ ನುಂಗಿದ್ದರು! ಹಾಲಿಗೆ ಹಾಕುವ ಕೇಸರಿಯ ಎರಡು ಎಳೆ ತೊಂದರೆ ಮಾಡದು. ಮಗುವಿನ ಬಣ್ಣವನ್ನೂ ಬದಲಿಸದು.

ಕಬ್ಬಿಣದ ಮಾತ್ರೆಗೂ ಕಷಾಯ, ಚಹಾ, ತ್ರಿಫಲಕ್ಕೂ ಎರಡು ಗಂಟೆ ಅಂತರವಿರಲಿ. ಅವುಗಳ ಒಗರು ಕಬ್ಬಿಣ ಹೀರದಂತೆ ತಡೆಯುತ್ತದೆ.

ತಪಾಸಣೆಗೆ ಹೋಗುವಾಗ ಹೆಸರು ಹೇಳಿದರೆ ಸಾಲದು, ಬಾಟಲಿ, ಡಬ್ಬಿ, ಪುಡಿಯ ಪೊಟ್ಟಣ ಎಲ್ಲವನ್ನೂ ತಾಯಿ ಕಾರ್ಡಿನ ಜೊತೆ ಒಯ್ಯಿರಿ. ತಿಳಿಯದೆ ಒಂದೆರಡು ಚಮಚ ಕುಡಿದಿದ್ದರೆ ಗಾಬರಿ ಬೇಡ, ನಿಲ್ಲಿಸಿ, ವೈದ್ಯರಿಗೆ ಹೇಳಿ. ರಕ್ತಸ್ರಾವ, ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು, ಕಣ್ಣು ಮಂಜಾಗುವಿಕೆ, ಮಗುವಿನ ಚಲನೆ ಕಡಿಮೆಯಾದದ್ದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಸಿಸೇರಿಯನ್‌ಗೆ ದಿನ ಗೊತ್ತಾಗಿದ್ದರೆ ಎಲ್ಲ ಗಿಡಮೂಲಿಕೆ ಮಾತ್ರೆಗಳನ್ನೂ ಎರಡು ವಾರ ಮೊದಲೇ ನಿಲ್ಲಿಸಿ, ಅರಿವಳಿಕೆ ವೈದ್ಯರಿಗೂ ತಿಳಿಸಿ.