ಹೂಗಿಡದ ಎಲೆ ಕೆಟ್ಟರೆ ಮೊದಲು ಮಗುಚಿ ನೋಡಿ

ಕಾಫಿಗೆ ಕಲಸಿದ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ನೀರಿನ ಮಿಶ್ರಣ) ಉಳಿದರೆ ಅಂಗಳದ ದಾಸವಾಳ, ಗುಲಾಬಿ, ಕೇಪಳಕ್ಕೂ ಹೊಡೆದುಬಿಡುವುದು ಕೊಡಗಿನಲ್ಲಿ ರೂಢಿ. ಬೋರ್ಡೋ ಶಿಲೀಂಧ್ರ ರೋಗಕ್ಕೆ ಮದ್ದು. ಹಿಟ್ಟು ತಿಗಣೆಗಾಗಲಿ ಪೋಷಕಾಂಶದ ಕೊರತೆಗಾಗಲಿ ಅದರಿಂದ ಏನೂ ಆಗದು.

ಮೊದಲು ಯಾವ ಎಲೆ ಹಳದಿಯಾಗಿದೆ ನೋಡಿ. ಬುಡದ ಹಳೆಯ ಎಲೆಗಳಲ್ಲಿ ನರ ಹಸಿರಾಗಿದ್ದು ನಡುವೆ ಹಳದಿಯಾಗಿದ್ದರೆ ಮೆಗ್ನೀಸಿಯಂ ಕೊರತೆ. ಇಲ್ಲಿನ ಹುಳಿ ಮಣ್ಣಿನಿಂದ ಮಳೆ ಅದನ್ನು ತೊಳೆದೊಯ್ಯುತ್ತದೆ. ಲೀಟರ್ ನೀರಿಗೆ 10 ಗ್ರಾಂ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಕರಗಿಸಿ, 15 ದಿನದ ಅಂತರದಲ್ಲಿ ಎರಡು ಸಲ ಸಿಂಪಡಿಸಿ. ಇದೇ ಲಕ್ಷಣ ತುದಿಯ ಚಿಗುರಲ್ಲಿದ್ದರೆ ಕಬ್ಬಿಣದ ಕೊರತೆ. ಹುಳಿ ಮಣ್ಣಲ್ಲಿ ಇದು ಅಪರೂಪ. ಕಂಡರೆ ಹೊಸ ಸಿಮೆಂಟ್ ಗೋಡೆಯ ಪಕ್ಕದಲ್ಲಿ, ಇಲ್ಲವೇ ಸುಣ್ಣ ಅತಿಯಾಗಿ ಬಿದ್ದ ಕಡೆ. ಸುಣ್ಣ ನಿಲ್ಲಿಸಿ, ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಿಂಪಡಿಸಿ.

ಮಣ್ಣು ಒದ್ದೆಯಿದ್ದೂ ಇಡೀ ಗಿಡ ಹಳದಿಯಾಗಿ ಬಾಡಿದರೆ ಬೇರಿಗೆ ಗಾಳಿ ಸಿಗುತ್ತಿಲ್ಲ. ಗೊಬ್ಬರ ಹಾಕಬೇಡಿ, ಬುಡದಿಂದ ನೀರು ಹರಿದುಹೋಗಲು ಚರಂಡಿ ತೋಡಿ.

ಇನ್ನು ಎಲೆ ಮಗುಚಿ. ಹತ್ತಿಯಂಥ ಬಿಳಿ ಮುದ್ದೆ ಇದ್ದರೆ ಹಿಟ್ಟು ತಿಗಣೆ. ಅದು ಸುರಿಸುವ ಅಂಟಿನ ಮೇಲೆ ಬೆಳೆಯುವುದೇ ಕಪ್ಪು ಬೂಷ್ಟು. ತಿಗಣೆ ಹೋಗದೆ ಬೂಷ್ಟು ಹೋಗದು. ಅಂಟಿಗಾಗಿ ಇರುವೆಗಳು ತಿಗಣೆಯನ್ನು ಕಾಯುವುದರಿಂದ ಇರುವೆ ಗೂಡನ್ನೂ ಹುಡುಕಿ. 5 ಮಿಲಿ ಬೇವಿನೆಣ್ಣೆಯನ್ನು 1 ಮಿಲಿ ದ್ರವ ಸೋಪಿನೊಂದಿಗೆ ಚೆನ್ನಾಗಿ ಕಲಸಿ, ಆಮೇಲೆ ಲೀಟರ್ ನೀರಿಗೆ ಹಾಕಿ. ನೇರ ಸುರಿದರೆ ಎಣ್ಣೆ ಮೇಲೆ ತೇಲುತ್ತದೆ. ಸಂಜೆ ಹೊತ್ತು, ವಾರಕ್ಕೊಮ್ಮೆಯಂತೆ ಮೂರು ಸಲ. ಬೇಸಿಗೆಯಲ್ಲಿ ಎಲೆಯ ಮೇಲೆ ಮಾಸಲು ಚುಕ್ಕಿ ಕಂಡರೆ ಬಿಳಿ ಕಾಗದದ ಮೇಲೆ ಎಲೆ ಕೊಡವಿ. ಚುಕ್ಕಿ ನಡೆದಾಡಿದರೆ ಅದು ಕೆಂಪು ನುಸಿ. ದಿನ ಬಿಟ್ಟು ದಿನ ಎಲೆಯಡಿಗೆ ರಭಸದ ನೀರು ಹೊಡೆದರೆ ಎಷ್ಟೋ ಕಡಿಮೆಯಾಗುತ್ತದೆ.

ಗುಲಾಬಿಯಲ್ಲಿ ಅಂಚು ಹರಿದಂಥ ಕರಿ ಚುಕ್ಕಿ, ಸುತ್ತ ಹಳದಿ ಇದ್ದರೆ ಮಾತ್ರ ಶಿಲೀಂಧ್ರದ ಲೆಕ್ಕ. ಏಳೆಂಟು ಗಂಟೆ ಒದ್ದೆಯಿರುವ ಎಲೆಗೆ ಸೋಂಕು ಹತ್ತುತ್ತದೆ. ಆದ್ದರಿಂದ ಗಿಡದ ನಡುವಿನ ಒತ್ತು ಕೊಂಬೆ ಕತ್ತರಿಸಿ, ಗಾಳಿಯಾಡಲು ಬಿಡಿ. ಉದುರಿದ ಎಲೆ ಗೊಬ್ಬರಗುಂಡಿಗೆ ಬೇಡ, ಸುಡಿ. ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಲೀಟರಿಗೆ 2 ಗ್ರಾಂ ಸಾಕು. ಕೈಗವಸು, ಮುಖಗವಸು ಬೇಕು.

ಬೋರ್ಡೋನೇ ಬೇಕೆಂದರೆ ಶೇ 0.5ರದ್ದು: ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ 5 ಲೀಟರ್ ನೀರಿಗೆ 50 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದು 5 ಲೀಟರಿಗೆ 50 ಗ್ರಾಂ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ಕಬ್ಬಿಣದ ಕತ್ತಿ ಅದ್ದಿದಾಗ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಕಲಸಿದ ದಿನವೇ ಮುಗಿಸಿ. ತಂಪಲ್ಲಿ ಬೇಗ ಒಣಗದಿದ್ದರೂ ಚಿಗುರು ಸುಡುವುದುಂಟು. ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು) ಮಳೆ ಬಿಟ್ಟು ಹೊಳವಾಗದ ದಿನ ರೋಗದ ಎಲೆ ಕೈಯಲ್ಲೇ ಕಿತ್ತು, ಮದ್ದಿನ ಡಬ್ಬ ಮುಚ್ಚಿಡಿ.