ಕನ್ನಡದ ಬಾಲ, ಇಂಗ್ಲಿಷಿನ ತಲೆ: ವಾಕ್ಯ ಜೋಡಿಸಲು ಕಲಿಸಿದ ನನ್ನ ಅನುಭವ

ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಸಿಂಪಲ್ (ಒಂಟಿ ವಾಕ್ಯ), ಕಾಂಪೌಂಡ್ (ಸರಿಸಮನಾದ ವಾಕ್ಯಗಳು ಸೇರಿದ್ದು), ಕಾಂಪ್ಲೆಕ್ಸ್ (ಒಂದು ವಾಕ್ಯಕ್ಕೆ ಇನ್ನೊಂದು ಆತುಕೊಂಡದ್ದು) ವಾಕ್ಯಗಳನ್ನು ಮೊದಮೊದಲು ಬೋರ್ಡ್ ಮೇಲೆ ವ್ಯಾಖ್ಯೆ ಬರೆದೇ ಕಲಿಸುತ್ತಿದ್ದೆ. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಸ್ವಂತ ವಾಕ್ಯ ಬರಿ ಅಂದರೆ ಮಾತ್ರ ಪೆನ್ನು ನಿಂತುಬಿಡುತ್ತಿತ್ತು.

ಒಮ್ಮೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಬರೆದಳು: ‘ಐ ಈಟಿಂಗ್, ಬ್ಯಾಗ್ ಟೇಕಿಂಗ್, ಬಸ್ ಕ್ಯಾಚಿಂಗ್, ಸ್ಕೂಲ್ ಕೇಮ್.’ ತಿದ್ದಲು ಹೋದವಳು ಹಾಗೇ ನಿಂತೆ. ಇದು ಅಪ್ಪಟ ಕನ್ನಡ ಅಲ್ವಾ? ‘ತಿಂಡಿ ತಿಂದು, ಚೀಲ ತಗೊಂಡು, ಬಸ್ ಹತ್ತಿ, ಶಾಲೆಗೆ ಬಂದೆ.’ ಕೆಲಸ ನಾಲ್ಕು, ಪೂರ್ತಿಯಾದ ಕ್ರಿಯಾಪದ ‘ಬಂದೆ’ ಒಂದೇ. ಉಳಿದ ಮೂರಕ್ಕೆ ಅವಳು ‘ಇಂಗ್’ ಹಚ್ಚಿದ್ದಳು. ಅವಳ ಯೋಚನೆ ಸರಿಯಾಗಿತ್ತು. ಎರಡು ಭಾಷೆಗಳು ಜೋಡಿಸುವ ರೀತಿಯೇ ಬೇರೆ ಅಂತ ನಾನು ಹೇಳಿಕೊಟ್ಟಿರಲಿಲ್ಲ.

ಮರುದಿನ ಕನ್ನಡದಿಂದಲೇ ಶುರು ಮಾಡಿದೆ. ಮಳೆ ಬಂದರೆ, ಬಂದರೂ, ಬಂದಾಗ, ಬಂದದ್ದರಿಂದ. ಇಲ್ಲಿ ಜೋಡಣೆ ಇರುವುದು ಕ್ರಿಯಾಪದದ ಬಾಲದಲ್ಲಿ. ಇಂಗ್ಲಿಷಿನಲ್ಲಿ ಅದು ತಲೆಯ ಕಡೆ ಬರುತ್ತದೆ: ‘ಇಫ್ ಇಟ್ ರೇನ್ಸ್’, ‘ದೋ ಇಟ್ ರೇನ್ಡ್’, ‘ವೆನ್ ಇಟ್ ರೇನ್ಡ್’, ‘ಬಿಕಾಸ್ ಇಟ್ ರೇನ್ಡ್’. ಕ್ರಿಯಾಪದ ಪೂರ್ತಿಯಾಗೇ ಉಳಿಯುತ್ತದೆ, ಅದರ ಕರ್ತೃವೂ ಜೊತೆಗಿರುತ್ತದೆ. ಮಕ್ಕಳು ಬಾಲಕ್ಕೂ ತಲೆಗೂ ಕೆಂಪು ಚಾಕ್ ಹಚ್ಚಿದರು.

ಆಮೇಲೆ ಹಳೆಯ ಕ್ಯಾಲೆಂಡರ್ ಕತ್ತರಿಸಿ ಕಾಗದದ ಪಟ್ಟಿ ಮಾಡಿ, ಒಂದೊಂದರ ಮೇಲೆ ವಾಕ್ಯದ ಒಂದೊಂದು ತುಂಡು ಬರೆದೆವು. ಜೋಡಿಸುವ ಪದವನ್ನು ಅದರ ನಂತರ ಬರುವ ಪಟ್ಟಿಗೆ ಅಂಟಿಸಿ, ಆ ಪಟ್ಟಿಯನ್ನು ವಾಕ್ಯದ ಮುಂದಕ್ಕೆ ತರಬೇಕು. ‘ವಿ ಸ್ಟೇಡ್ ಅಟ್ ಹೋಮ್ ಬಿಕಾಸ್ ಇಟ್ ರೇನ್ಡ್.’ ‘ಬಿಕಾಸ್’ ಪಟ್ಟಿ ಮುಂದೆ ಬಂದರೂ ಅರ್ಥ ಕೆಡುವುದಿಲ್ಲ, ನಡುವೆ ಒಂದು ಕಾಮಾ ಸೇರುತ್ತದೆ ಅಷ್ಟೇ. ಹಾಗಾದರೆ ಕಾಂಪ್ಲೆಕ್ಸ್. ‘ಇಟ್ ರೇನ್ಡ್, ಬಟ್ ವಿ ಪ್ಲೇಡ್.’ ಇದನ್ನು ತಿರುಗಿಸಿ ‘ಬಟ್ ವಿ ಪ್ಲೇಡ್, ಇಟ್ ರೇನ್ಡ್’ ಅಂತ ಓದಿದಾಗ ತರಗತಿಯೆಲ್ಲಾ ನಕ್ಕಿತು. ಅದು ಕಾಂಪೌಂಡ್. ಅಂಡ್, ಆರ್, ಸೋ ಕೂಡ ಹೀಗೇ, ಜಾಗ ಬಿಟ್ಟು ಕದಲುವುದಿಲ್ಲ. ವ್ಯಾಖ್ಯೆ ಬೇಕಾಗಲೇ ಇಲ್ಲ.

‘ದೋ ಇಟ್ ರೇನ್ಡ್, ಬಟ್ ವಿ ಪ್ಲೇಡ್’ ಅಂತ ಬರೆಯುವವರು ಜಾಸ್ತಿ. ‘ಮಳೆ ಬಂದರೂ ಆದರೆ ಆಡಿದೆವು’ ಅಂತೀವಾ ಎಂದು ಕೇಳುತ್ತೇನೆ. ಎರಡು ಪಟ್ಟಿಗೆ ಒಂದೇ ಗಂಟು ಸಾಕು.

ಈ ತಿರುಗಿಸುವ ಆಟ ಇಂಗ್ಲಿಷಿನ ‘ಹೂ’ (who) ಬರುವ ವಾಕ್ಯಕ್ಕೆ ನಡೆಯುವುದಿಲ್ಲ. ಅದಕ್ಕೆ ಮಕ್ಕಳನ್ನೇ ನಿಲ್ಲಿಸಿದೆ. ‘ನಿನ್ನೆ’, ‘ಬಂದ’, ‘ಹುಡುಗ’ ಅಂತ ಮೂವರು. ಇಂಗ್ಲಿಷ್ ಅಂದ ಕೂಡಲೇ ಸಾಲು ತಿರುಗುಮುರುಗು: ‘ದ ಬಾಯ್’, ‘ಕೇಮ್’, ‘ಯೆಸ್ಟರ್ಡೇ’. ನಾಲ್ಕನೆಯವನು ‘ಹೂ’ ಆಗಿ ಓಡಿಬಂದು ‘ಬಾಯ್’ ಪಕ್ಕ ನುಗ್ಗುತ್ತಾನೆ. ನನಗೆ ತುಂಬಾ ಇಷ್ಟವಾದ ಪಾಠ ಇದು. ಹಿಂದಿನ ಬೆಂಚಿನ, ಬಾಯಿ ಬಿಡದ ಹುಡುಗರೂ ‘ಹೂ’ ಆಗಲು ಜಗಳ ಆಡುತ್ತಾರೆ.

‘ಅಂತ’ ಮಾತ್ರ ಈಗಲೂ ಕಾಡುತ್ತದೆ. ‘ನಾನು ಬರ್ತೀನಿ ಅಂತ ಅವನು ಹೇಳಿದ’ ಅನ್ನುವುದು ‘ಹಿ ಸೆಡ್ ದಟ್ ಐ ವಿಲ್ ಕಮ್’ ಆಗಿಬಿಡುತ್ತದೆ. ‘ಐ’ ಹೋಗಿ ‘ಹಿ’, ‘ವಿಲ್’ ಹೋಗಿ ‘ವುಡ್’ ಆಗಬೇಕು. ಇದಕ್ಕೆ ಪಟ್ಟಿ ಸಾಲಲಿಲ್ಲ. ಸದ್ಯಕ್ಕೆ ಒಬ್ಬ ಹೇಳುವುದು, ಇನ್ನೊಬ್ಬ ಅದನ್ನು ಮೂರನೆಯವನಿಗೆ ಮುಟ್ಟಿಸುವುದು, ಹೀಗೆ ದಿನಾ ಐದು ನಿಮಿಷ ಆಡಿಸುತ್ತಿದ್ದೇನೆ.